ತಮ್ಮನ ಹಲ್ಲು ಕಾಣುವ ಫೋಟೋ

ನನ್ನ ತಮ್ಮ ಫೋಟೋದಲ್ಲಿ ನಗುವವನಲ್ಲ. ಕ್ಯಾಮೆರಾ ಕಂಡ ಕೂಡಲೇ ತುಟಿ ಬಿಗಿ ಹಿಡಿದು ನಿಲ್ಲುತ್ತಾನೆ. ಆಧಾರ್, ಲೈಸೆನ್ಸ್, ನನ್ನ ಮದುವೆ ಆಲ್ಬಮ್, ಎಲ್ಲಾ ಕಡೆ ಅದೇ ಮುಖ. ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನನ್ನು ಕರೆದು, "ಅಕ್ಕಾರ, ಇವರು ಹಲ್ಲು ಕಾಣೋಹಂಗ ನಕ್ಕಿರೋ ಫೋಟೋ ಒಂದ್ ಬೇಕ್ರಿ" ಅಂದಾಗ ನನ್ನ ಹತ್ತಿರ ಒಂದೂ ಇರಲಿಲ್ಲ.

ಫೋಟೋ ಯಾಕೆ ಬೇಕಿತ್ತು ಅಂತ ಹೇಳುವ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ತಮ್ಮನಿಗೆ 27 ವರ್ಷ. ಮುಧೋಳದಲ್ಲಿ ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸ. ಜನವರಿಯ ಒಂದು ರಾತ್ರಿ ಬೈಕಿನಲ್ಲಿ ಬಾಗಲಕೋಟೆಗೆ ಬರುತ್ತಿದ್ದ. ಲೋಕಾಪುರ ದಾಟಿದ ಮೇಲೆ ರಸ್ತೆ ಬದಿಗೆ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ಎರಡು ಟ್ರಾಲಿ. ಹಿಂದೆ ಲೈಟಿಲ್ಲ, ರೇಡಿಯಂ ಇಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆ ಶುರುವಾದರೆ ಬೇಸಿಗೆ ಬರುವ ತನಕ ನಮ್ಮ ರಸ್ತೆಗಳೆಲ್ಲ ಕಬ್ಬಿನವೇ. ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯಿತು. ಮುಂದೆ ಟ್ರಾಲಿ ಇದೆ ಅಂತ ಗೊತ್ತಾಗುವಷ್ಟರಲ್ಲಿ ಅದರ ಹಿಂಬದಿಯ ಕಬ್ಬಿಣಕ್ಕೆ ಇವನ ಮುಖ ಹೋಗಿ ಬಡಿದಿತ್ತು.

ಅವನು ಹೆಲ್ಮೆಟ್ ಹಾಕಿದ್ದ. ಅರ್ಧ ಹೆಲ್ಮೆಟ್, ಟೋಪಿ ಹಾಗೆ ಇರುತ್ತಲ್ಲ, ಅದು. ತಲೆ ಉಳಿಯಿತು. ಗದ್ದ, ಬಾಯಿ, ಮೂಗು ಬಯಲಿಗಿದ್ದವು. ಪೊಲೀಸರ ದಂಡ ತಪ್ಪಿಸೋಕೆ ಹಾಕುವ ಆ ಟೋಪಿ ಮನೆಯಲ್ಲಿದ್ದರೆ ದಯವಿಟ್ಟು ಈವತ್ತೇ ಬದಲಾಯಿಸಿ. ಗದ್ದ ಮುಚ್ಚುವ ಹೆಲ್ಮೆಟ್ ತಗೊಳ್ಳಿ.

ಅವನ ಜೀವ ಉಳಿಸಿದ್ದು ಹಿಂದಿನಿಂದ ಬಂದ ಕಬ್ಬು ಕಡಿಯುವ ಗ್ಯಾಂಗಿನವರು. ಜನ ಸೇರಿ ಅವನನ್ನು ಅಂಗಾತ ಮಲಗಿಸೋಕೆ ಹೋದರಂತೆ. ಇವನು ಕೈಯಾಡಿಸಿ ಎದ್ದೆದ್ದು ಕೂರುತ್ತಿದ್ದ. ಗ್ಯಾಂಗಿನ ಒಬ್ಬ ಮುದುಕ, "ಮಲಗಸಬ್ಯಾಡ್ರಿ, ಅವಗ ಉಸರ ಸಿಗವಲ್ದು" ಅಂತ ತಡೆದು, ತಾನೇ ಅವನ ಎದೆಗೆ ಕೈ ಕೊಟ್ಟು ಮುಂದಕ್ಕೆ ಬಾಗಿಸಿ ಹಿಡಿದು ಕೂತ. ಆಂಬ್ಯುಲೆನ್ಸ್ ಬರುವ ತನಕ ಹಾಗೇ ಹಿಡಿದಿದ್ದ. ಮುದುಕನ ಟವೆಲ್ ಪೂರ್ತಿ ರಕ್ತ. ಕೆಳದವಡೆ ಎರಡು ಕಡೆ ಮುರಿದರೆ ನಾಲಿಗೆಗೆ ಹಿಡಿತ ಇರುವುದಿಲ್ಲವಂತೆ. ಅಂಗಾತ ಮಲಗಿಸಿದರೆ ಅದು ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಎಚ್ಚರ ಇರುವವನು ತಾನಾಗಿ ಮುಂದಕ್ಕೆ ಬಾಗಿ ಕೂರೋಕೆ ನೋಡಿದರೆ ಅವನನ್ನು ಎಳೆದು ಮಲಗಿಸಬಾರದು ಅಂತ ಡಾಕ್ಟರ್ ಆಮೇಲೆ ಹೇಳಿದರು. ಆ ಮುದುಕನಿಗೆ ಅದನ್ನು ಯಾರು ಕಲಿಸಿದ್ದರೋ. ಅವನ ಹೆಸರು ಕೂಡ ನಮಗೆ ಗೊತ್ತಾಗಲಿಲ್ಲ. ಗ್ಯಾಂಗು ಮುಂದಿನ ಊರಿಗೆ ಹೋಗಿತ್ತು.

ಇನ್ನೊಂದು ವಿಷಯ. ಬಿದ್ದಿದ್ದ ಎರಡು ಹಲ್ಲನ್ನು ಯಾರೋ ಪುಣ್ಯಾತ್ಮರು ಕಾಗದದಲ್ಲಿ ಸುತ್ತಿ ತಮ್ಮನ ಜೇಬಿಗೆ ಹಾಕಿದ್ದರು. ಅವು ಒಣಗಿ ಹೋಗಿದ್ದವು. ಬೇರು ಮುಟ್ಟದೆ, ತಿಕ್ಕಿ ತೊಳೆಯದೆ, ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ತಂದಿದ್ದರೆ ಮತ್ತೆ ಕೂರಿಸಿ ನೋಡಬಹುದಿತ್ತಂತೆ. ಹಾಲು ನಮ್ಮಲ್ಲಿ ಯಾವ ಊರಲ್ಲಿ ಸಿಗಲ್ಲ ಹೇಳಿ.

ಮೊದಲು ಕರೆದೊಯ್ದ ಆಸ್ಪತ್ರೆಯಲ್ಲಿ ಚರ್ಮಕ್ಕೆ ಹೊಲಿಗೆ ಹಾಕಿ, ವಾರದಲ್ಲಿ ಮನೆಗೆ ಹೋಗಬಹುದು ಅಂದರು. ಒಳಗಿನ ಮೂಳೆ ಏನಾಗಿದೆ ಅಂತ ಯಾರೂ ನೋಡಲಿಲ್ಲ. ಬೆಳಗ್ಗೆ ತಮ್ಮ ಎರಡು ಬೆರಳು ಎತ್ತಿ ನನ್ನ ಕಡೆ ತೋರಿಸಿದ. ಮೊದಲು ನನಗೆ ಅರ್ಥವಾಗಲಿಲ್ಲ. ಅವನಿಗೆ ನಾನು ಇಬ್ಬರಾಗಿ ಕಾಣುತ್ತಿದ್ದೆ. ಹೊಲಿಯುವವಳಾಗಿ ನನಗೆ ಒಂದು ಗೊತ್ತು. ಲೈನಿಂಗ್ ಹರಿದಿರುವಾಗ ಮೇಲೆ ಎಷ್ಟು ಚಂದ ಹೊಲಿದರೂ ಬಟ್ಟೆ ಕೂರುವುದಿಲ್ಲ. ಅವತ್ತೇ ಯರಗಟ್ಟಿ ಮೇಲೆ ಬೆಳಗಾವಿಗೆ ಹೊರಟೆವು.

ಅಲ್ಲಿ ಸಿಟಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಅವನ ತಲೆಬುರುಡೆಯನ್ನು ತಿರುಗಿಸಿ ತಿರುಗಿಸಿ ತೋರಿಸಿದರು. ಕೆಳದವಡೆ ಗದ್ದದ ಹತ್ತಿರ ಒಂದು ಕಡೆ, ಕಿವಿಯ ಹತ್ತಿರ ಇನ್ನೊಂದು ಕಡೆ ಮುರಿದಿತ್ತು. ಮೇಲ್ದವಡೆ ಮೂಗಿನ ಬುಡದಿಂದ ಬಿಟ್ಟುಕೊಂಡು ಅಲ್ಲಾಡುತ್ತಿತ್ತು. ಎಡಗೆನ್ನೆಯ ಮೂಳೆ ಒಳಕ್ಕೆ ಕುಸಿದಿತ್ತು. ಕಣ್ಣುಗುಡ್ಡೆಯ ಕೆಳಗೆ ಕಾಗದದಷ್ಟು ತೆಳುವಾದ ಮೂಳೆ ಇರುತ್ತದೆ. ಅದು ಒಡೆದು ಕಣ್ಣು ಸ್ವಲ್ಪ ಕೆಳಗಿಳಿದಿತ್ತು. ಎರಡೆರಡು ಕಾಣುತ್ತಿದ್ದದ್ದು ಅದಕ್ಕೇ. ಮೂಗಿನ ಎಡ ಹೊಳ್ಳೆ ಇರಲೇ ಇಲ್ಲ. ಕೇಸ್ ಶೀಟಿನಲ್ಲಿ 'ಲೆ ಫೋರ್ಟ್ 2' ಅಂತ ಬರೆದಿದ್ದರು. ಯಾವುದೋ ಔಷಧಿ ಅಂದುಕೊಂಡಿದ್ದೆ. ರೆನೆ ಲೆ ಫೋರ್ಟ್ ಅಂತ ಫ್ರಾನ್ಸಿನ ಡಾಕ್ಟರಂತೆ. ಮುಖದ ಮೂಳೆಗಳು ಪೆಟ್ಟು ತಿಂದಾಗ ಅಡ್ಡಾದಿಡ್ಡಿ ಒಡೆಯುವುದಿಲ್ಲ, ಕೆಲವು ಗೆರೆಗಳಲ್ಲೇ ಬಿರಿಯುತ್ತವೆ ಅಂತ ಹೆಣಗಳ ಮೇಲೆ ಪರೀಕ್ಷೆ ಮಾಡಿ 1901ರಲ್ಲಿ ಬರೆದವರು. ಬಟ್ಟೆ ಕೂಡ ಹಾಗೇ ಅಲ್ವಾ, ಎಳೆ ಹಿಡಿದೇ ಹರಿಯುತ್ತದೆ.

ಉಸಿರಿಗಾಗಿ ಕುತ್ತಿಗೆಯಲ್ಲಿ ತೂತು ಮಾಡಿ ನಳಿಕೆ ಹಾಕಿದ್ದರು. ಮಾತಿಲ್ಲ. ನನ್ನ ಬ್ಯಾಗಿನಲ್ಲಿ ಅಂಗಡಿಯ ಬಿಲ್ ಬುಕ್ ಇತ್ತು, ಅದನ್ನೇ ಕೊಟ್ಟೆ. 'ಲೈನಿಂಗ್ ಬ್ಲೌಸ್', 'ಫಾಲ್ ಪಿಕೋ' ಅಂತ ಅಚ್ಚಾದ ಹಾಳೆಯ ಮೇಲೆ ಅವನು ಮೊದಲು ಬರೆದದ್ದು: 'ಅವ್ವಗ ಹೇಳಬ್ಯಾಡ.' ಅವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಎರಡನೆಯದು: 'ಮೂಗು?' ನಾನು ಸುಳ್ಳು ಹೇಳಲಿಲ್ಲ. ಅರ್ಧ ಹೋಗಿದೆ, ಆಮೇಲೆ ಕಟ್ಟಿಕೊಡುತ್ತಾರಂತೆ ಅಂದೆ. ಅವನು ಸುಮ್ನೆ ಪೆನ್ನು ಮುಚ್ಚಿಟ್ಟ.

ಏಳು ದಿನ ಆಪರೇಷನ್ ಮಾಡಲೇ ಇಲ್ಲ. ನಮ್ಮ ಕಾಕಾ ದಿನಾ ಜಗಳ ತೆಗೆಯುತ್ತಿದ್ದರು, ರೊಕ್ಕ ಕಟ್ಟಿಲ್ಲ ಅಂತ ಕಾಯಿಸುತ್ತಿದ್ದಾರೆ ಅಂತ. ಆದರೆ ರೊಕ್ಕದ ಮಾತೇ ಅಲ್ಲಿರಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆ ಕಾಗದ ಆಗಲೇ ಓಡುತ್ತಿತ್ತು. ಬಾವು ಇಳಿಯಲಿ ಅಂತ ಕಾಯುತ್ತಿದ್ದರು. ಮುಖ ಕುಂಬಳಕಾಯಿ ಹಾಗೆ ಊದಿರುವಾಗ ಕೆನ್ನೆ ಎಲ್ಲಿ ಕೂರಬೇಕು ಅಂತ ಯಾರಿಗೆ ಗೊತ್ತಾಗುತ್ತದೆ? ತೀರಾ ತಡ ಮಾಡಿದರೆ ಮೂಳೆ ಸೊಟ್ಟಗೇ ಕೂಡಿಕೊಳ್ಳುತ್ತದೆ. ಎರಡರ ನಡುವೆ ದಿನ ಹುಡುಕಬೇಕು. ನಿಮ್ಮ ಮನೆಯವರಿಗೆ ಇಂಥದ್ದು ಬಂದರೆ ಕಾಯುವ ದಿನಗಳಿಗೆ ಹೆದರಬೇಡಿ. ಯಾಕೆ ಕಾಯುತ್ತಿದ್ದೀರಿ ಅಂತ ಕೇಳಿ, ಹೇಳುತ್ತಾರೆ.

ಆ ದಿನಗಳಲ್ಲೇ ಫೋಟೋ ಕೇಳಿದ್ದು.

ಮುಖ ಕಟ್ಟುವುದು ಹಲ್ಲಿನಿಂದ ಶುರುವಂತೆ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಮೊದಲಿನ ಹಾಗೆ ಕೂತರೆ ದವಡೆ ತನ್ನ ಜಾಗಕ್ಕೆ ಬಂದ ಹಾಗೆ. ಅದರ ಲೆಕ್ಕದ ಮೇಲೆ ಉಳಿದದ್ದು. ಅವನ ಹಲ್ಲಿನ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರಕ ಹೊಯ್ದಿದ್ದರು. ಡಾಕ್ಟರ್ ಅದನ್ನು ನನ್ನ ಕೈಗೆ ಕೊಟ್ಟು ದವಡೆ ಹಲ್ಲಿನ ಮೇಲಿನ ಸವೆದ ಗುರುತು ತೋರಿಸಿದರು. 20 ವರ್ಷ ಕಟಕ ರೊಟ್ಟಿ ಅಗಿದ ಗುರುತು. ಮೇಲಿನ ಸವೆತಕ್ಕೆ ಕೆಳಗಿನ ಸವೆತ ಕೂಡಿಸಿದರೆ ಟಕ್ ಅಂತ ಕೂತಿತು. ಆದರೆ ಮುಂದಿನ ಎರಡು ಹಲ್ಲು ಹೋಗಿದ್ದವಲ್ಲ, ನಕ್ಕಾಗ ಎಷ್ಟು ಹಲ್ಲು ಕಾಣುತ್ತಿತ್ತು, ಮುಖದ ನಡುಗೆರೆ ಎಲ್ಲಿತ್ತು, ಅದು ಪ್ಲಾಸ್ಟರಿನಲ್ಲಿ ಇರುವುದಿಲ್ಲ.

ಇಡೀ ಬಳಗಕ್ಕೆ ಫೋನ್ ಮಾಡಿದೆ. ಕೊನೆಗೆ ಸೋದರತ್ತೆಯ ಮಗನ ಮೊಬೈಲಿನಲ್ಲಿ ಬನಶಂಕರಿ ಜಾತ್ರೆಯ ವಿಡಿಯೋ ಸಿಕ್ಕಿತು. ತೊಟ್ಟಿಲು ಮೇಲಿಂದ ಕೆಳಗೆ ಬರುವಾಗ ತಮ್ಮ ಬಾಯ್ತುಂಬಾ ನಗುತ್ತಿದ್ದಾನೆ. ನಿಲ್ಲಿಸಿ, ಹಿಗ್ಗಿಸಿ, ಡಾಕ್ಟರ್ ಮುಂದೆ ಹಿಡಿದೆ. ಅವರು ಬಹಳ ಹೊತ್ತು ನೋಡಿದರು. "ನೋಡ್ರಿ, ಇವರ ಹಲ್ಲಿನ ನಡುಗೆರಿ ಮೊದಲಿಂದನೂ ಚೂರು ಬಲಕ್ಕೈತಿ. ಗೊತ್ತಿರದಿದ್ರ ನಾವು ಸರಿ ಮಾಡಾಕ ಹೋಗಿ ಕೆಡಸ್ತಿದ್ವಿ" ಅಂದರು. ಹುಟ್ಟಿದಾಗಿನಿಂದ ನೋಡಿದ ಮುಖ. ಆ ಚೂರು ಸೊಟ್ಟು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಳತೆ ತೆಗೆಯುವುದೇ ನನ್ನ ಕೆಲಸ, ಆದರೂ.

ಎಂಟನೇ ದಿನ ಆಪರೇಷನ್. ಬೆಳಗ್ಗೆ ಒಳಗೆ ಹೋದವನು ಹೊರಗೆ ಬಂದಾಗ ದೀಪ ಹಚ್ಚುವ ಹೊತ್ತು. ಟೈಟಾನಿಯಂನ ಸಣ್ಣ ಸಣ್ಣ ಪ್ಲೇಟುಗಳು, ಅವಕ್ಕೆ ಸ್ಕ್ರೂಗಳು. ತೊಂದರೆ ಕೊಡದಿದ್ದರೆ ಜೀವನಪೂರ್ತಿ ಅಲ್ಲೇ ಇರುತ್ತವೆ. ನನಗೆ ಆಶ್ಚರ್ಯ ಆದದ್ದು ಅವರು ಎಲ್ಲಿ ಕೊಯ್ದಿದ್ದರು ಅನ್ನುವುದು. ಹೆಚ್ಚಿನದೆಲ್ಲ ಬಾಯಿಯ ಒಳಗಿಂದ, ತುಟಿ ಎತ್ತಿ. ಕಣ್ಣಿನದು ಕೆಳರೆಪ್ಪೆಯ ಅಂಚಿನಲ್ಲಿ. ಹೊರಗೆ ಕಾಣುವ ಕಡೆ ಹಳೆಯ ಗಾಯವನ್ನೇ ಬಿಚ್ಚಿ ಕೂದಲಿನಷ್ಟು ಸಣ್ಣ ದಾರದಲ್ಲಿ ಮತ್ತೆ ಹೊಲಿದಿದ್ದರು. ನಾವು ಒಳ್ಳೆ ಬ್ಲೌಸಿಗೆ ಹಾಕುವ ಒಳಹೊಲಿಗೆ ಅದು. ಯಾರು ಹೊಲಿದರೋ ಅವರ ಕೈಗೆ ನಮಸ್ಕಾರ ಮಾಡಬೇಕು ಅನ್ನಿಸಿತು.

ಕಿವಿಯ ಹತ್ತಿರದ ಮುರಿತಕ್ಕೆ ಪ್ಲೇಟ್ ಹಾಕಲಿಲ್ಲ. ಅದಕ್ಕೆ ಬೇಕಂತ ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿ ಬಿಗಿದರು, ನಾಲ್ಕು ವಾರ. ಮನೆಗೆ ಕಳಿಸುವಾಗ ಸಿಸ್ಟರ್ ಒಂದು ವೈರ್ ಕಟರ್ ಕೊಟ್ಟು, "ಇದು ಹಗಲು ರಾತ್ರಿ ಇವರ ಹತ್ರನೇ ಇರ್ಬೇಕು. ವಾಂತಿ ಬಂತಂದ್ರ ಈ ಈ ತಂತಿ ಕಟ್ ಮಾಡ್ರಿ, ಯೋಚನೆ ಮಾಡ್ತಾ ನಿಲ್ಲಬ್ಯಾಡ್ರಿ" ಅಂತ ತಂತಿ ಮುಟ್ಟಿ ಮುಟ್ಟಿ ತೋರಿಸಿದರು. ನಾಲ್ಕು ವಾರ ನಾನು ಅವನ ಹಾಸಿಗೆ ಪಕ್ಕ ಮಲಗಿದೆ, ಕಟರ್ ದಿಂಬಿನ ಕೆಳಗೆ. ಒಂದು ಸಲವೂ ಬೇಕಾಗಲಿಲ್ಲ. ಆದರೆ ಅವನು ಕೆಮ್ಮಿದಾಗಲೆಲ್ಲ ನನ್ನ ಕೈ ದಿಂಬಿನ ಕೆಳಗೆ ಹೋಗುತ್ತಿತ್ತು.

ಊಟ ಅಂದರೆ ಸಿರಿಂಜು. ಅದರ ತುದಿಗೆ ಮೆತ್ತನೆಯ ನಳಿಕೆ ಸಿಗಿಸಿ, ಕೆನ್ನೆಯ ಒಳಗಿಂದ ಕೊನೆಯ ಹಲ್ಲಿನ ಹಿಂದಿನ ಸಂದಿಗೆ ಬಿಡಬೇಕು. ಜೋಳದ ಅಂಬಲಿ, ಬೇಳೆ ಕಟ್ಟು, ಹಾಲಿಗೆ ಕಲಸಿದ ಶೇಂಗಾ ಪುಡಿ, ಮಜ್ಜಿಗೆ. ಎಲ್ಲವನ್ನೂ ಮಿಕ್ಸಿಗೆ ಹಾಕಿ, ಮಲ್‌ಮಲ್ ಬಟ್ಟೆಯಲ್ಲಿ ಸೋಸಬೇಕು. ಜೀರಿಗೆಯ ಒಂದು ಚೂರು ಉಳಿದರೂ ನಳಿಕೆ ಕಟ್ಟುತ್ತದೆ. ಎರಡು ತಾಸಿಗೊಮ್ಮೆ ಕೊಟ್ಟರೂ 9 ಕಿಲೋ ಇಳಿದ. ಕೆಳತುಟಿಗೆ ಸ್ಪರ್ಶ ಇರಲಿಲ್ಲ, ಸೋರಿದ್ದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಅದೇ ಮಲ್‌ಮಲ್‌ನಲ್ಲಿ ಒಂದು ಡಜನ್ ಕರ್ಚೀಫ್ ಹೊಲಿದುಕೊಟ್ಟೆ. ಆ ಸ್ಪರ್ಶ ಆಮೇಲೆ ತಿಂಗಳುಗಟ್ಟಲೆ ಇರುವೆ ಹರಿದ ಹಾಗೆ ಜುಮುಜುಮು ಅನ್ನುತ್ತಾ ನಿಧಾನ ಮರಳಿತು.

ಅಂಗಡಿಯಲ್ಲಿ ದೊಡ್ಡ ನಿಲುಗನ್ನಡಿ ಇದೆ. ಅವನು ಬರುವ ಮೊದಲು ಅದರ ಮೇಲೆ ಸೀರೆ ಹಾಕಿ ಮುಚ್ಚಿದ್ದೆ. ಅದು ನನ್ನ ತಪ್ಪು. ಅವನು ಬಂದವನೇ ಸೀರೆ ಎಳೆದು ಮಡಚಿ ನನ್ನ ಕೈಗೆ ಕೊಟ್ಟ. ಎದುರು ನಿಂತು ನೋಡಿದ. ಆಮೇಲೆ ದಿನಾ ಬೆಳಗ್ಗೆ ಬಂದು ನಿಲ್ಲುತ್ತಿದ್ದ.

ಈಗ ಮೂಗಿನ ವಿಷಯ. ನಾಲ್ಕು ತಿಂಗಳಾದ ಮೇಲೆ ಮತ್ತೆ ಬೆಳಗಾವಿ. "ತೊಡೆಯ ಚರ್ಮ ತೆಗೆದು ಹಚ್ಚಿದರೆ ಆಗಲ್ವಾ ಸರ್?" ಅಂತ ಕೇಳಿದೆ. ಬರೀ ಚರ್ಮ ತೆಳ್ಳಗಿರುತ್ತದೆ, ಸುಕ್ಕಾಗುತ್ತದೆ, ಬಣ್ಣ ಬೇರೆ. ಹೊಳ್ಳೆ ನಿಲ್ಲಬೇಕಾದರೆ ಒಳಗೆ ಕಿವಿಯ ಮೆದುಮೂಳೆ ಇಡಬೇಕು, ಅದರ ಮೇಲೆ ದಪ್ಪ ಚರ್ಮ ಬೇಕು, ಆ ಚರ್ಮಕ್ಕೆ ತನ್ನದೇ ರಕ್ತ ಬೇಕು. ಮುಖಕ್ಕೆ ಒಪ್ಪುವ ಚರ್ಮ ಹಣೆಯದು. ನಾನು ಟೈಲರ್ ಅಂತ ಗೊತ್ತಿತ್ತಲ್ಲ, ಡಾಕ್ಟರ್ ಹೊಲಿಗೆ ದಾರದ ಪ್ಯಾಕೆಟ್ಟಿನ ಬೇಗಡೆ ತೆಗೆದುಕೊಂಡರು. ಸರಿ ಇದ್ದ ಬಲ ಹೊಳ್ಳೆಯ ಮೇಲೆ ಒತ್ತಿ ಆಕಾರ ಹಿಡಿದರು. ಕತ್ತರಿಸಿದರು. ಮಗುಚಿ ಎಡಕ್ಕಿಟ್ಟು ನೋಡಿದರು. ಆಮೇಲೆ ಅದನ್ನು ಹಣೆಯ ಮೇಲೆ ಚಪ್ಪಟೆ ಹಾಸಿ ಸುತ್ತ ಪೆನ್ನಿನಲ್ಲಿ ಗೀಟು ಎಳೆದರು. ನಾನು ದಿನಾ ಪೇಪರ್ ಕಟಿಂಗ್ ಮಾಡುವುದು ಹೀಗೇ.

ಒಂದೇ ವ್ಯತ್ಯಾಸ. ನಾನು ಖಣ ಕತ್ತರಿಸಿದರೆ ತುಂಡು ಕೈಗೆ ಬರುತ್ತದೆ. ಅವರು ತುಂಡನ್ನು ಪೂರ್ತಿ ಬಿಡಿಸುವಂತಿಲ್ಲ. ಹುಬ್ಬಿನ ಒಳತುದಿಯಲ್ಲಿ ಒಂದು ಬೆರಳಗಲ ಹಾಗೇ ಬಿಡಬೇಕು, ರಕ್ತನಾಳ ಅಲ್ಲಿಂದಲೇ ಏರುತ್ತದೆ. ಆ ಪಟ್ಟಿಯನ್ನು ತಿರುವಿ ಕೆಳಗಿಳಿಸಿ ಮೂಗಿಗೆ ಹೊಲಿಯಬೇಕು. ಮೂರು ವಾರ ಹುಬ್ಬಿನಿಂದ ಮೂಗಿನ ತನಕ ಚರ್ಮದ ಸೇತುವೆ ತೂಗುತ್ತಿರುತ್ತದೆ. ಅಷ್ಟರಲ್ಲಿ ಮೂಗಿನ ಕಡೆಯಿಂದ ಹೊಸ ರಕ್ತ ಹತ್ತಿಕೊಳ್ಳುತ್ತದೆ. ಆಮೇಲೆ ಸೇತುವೆ ಕತ್ತರಿಸುತ್ತಾರೆ.

ಈ ವಿದ್ಯೆ ಹೊರದೇಶದ್ದಲ್ಲ. ಸುಶ್ರುತ ಸಂಹಿತೆಯಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮದಿಂದ ಮೂಗು ಮಾಡುವ ವಿಧಾನ ಇದೆ. ಟಿಪ್ಪುವಿನ ಮೇಲಿನ ಯುದ್ಧದಲ್ಲಿ ಇಂಗ್ಲಿಷರ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಅನ್ನುವ ಮರಾಠಾ ರೈತ ಸೆರೆ ಸಿಕ್ಕು ಮೂಗು, ಒಂದು ಕೈ ಕಳೆದುಕೊಂಡಿದ್ದ. ಪುಣೆ ಕಡೆಯ ದೇಸಿ ವೈದ್ಯನೊಬ್ಬ ಅವನಿಗೆ ಮೂಗು ಕಟ್ಟಿಕೊಟ್ಟ. ತೆಳುವಾದ ಮೇಣದ ಹಾಳೆಯಲ್ಲಿ ಮೂಗು ಮಾಡಿ, ಅದನ್ನೇ ಹಣೆಯ ಮೇಲೆ ಹಾಸಿ, ಸುತ್ತ ಗೀಟು ಎಳೆದು. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದರ ವರದಿ ಚಿತ್ರ ಸಮೇತ ಬಂತು. ಅದನ್ನು ಓದಿ ಕಾರ್ಪ್ಯೂ ಅನ್ನುವ ಡಾಕ್ಟರ್ 1814ರಲ್ಲಿ ಅಲ್ಲಿ ಮಾಡಿ ನೋಡಿದರು. ಅವತ್ತು ಮೇಣ, ಈವತ್ತು ಬೇಗಡೆ. ತಮ್ಮನಿಗೆ ಇದನ್ನು ಹೇಳಿದಾಗ ಅವನು ಕೇಳಿದ್ದು ಒಂದೇ: "ಆಗ ಮೈಮರೆಸೋ ಔಷಧ ಇತ್ತೇನಕ್ಕಾ?" ಇರಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದ.

ಆ ಮೂರು ವಾರ ಇದೆಯಲ್ಲ, ಅದೇ ಕಷ್ಟದ್ದು. ನೋವು ಜಾಸ್ತಿ ಇರಲಿಲ್ಲ. ಜನರ ಕಣ್ಣೇ ಕಷ್ಟ. ಮಕ್ಕಳು ನೆಟ್ಟ ನೋಟದಿಂದ ನೋಡುತ್ತಿದ್ದರು, ಅದು ಅವನಿಗೆ ಬೇಜಾರಿರಲಿಲ್ಲ. ದೊಡ್ಡವರು ಅಂಗಡಿಗೆ ಬಂದು, ಅವನನ್ನು ಕಂಡು, ತಟ್ಟನೆ ಗೋಡೆಯ ಕ್ಯಾಲೆಂಡರ್ ನೋಡಲು ಶುರು ಮಾಡುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಮುಖ ಒಡೆದುಕೊಂಡ ಸೈನಿಕರಿಗೆ ಅಂತಲೇ 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಆಸ್ಪತ್ರೆ ತೆರೆದಿದ್ದರು. ಹೆರಾಲ್ಡ್ ಗಿಲ್ಲೀಸ್ ಅನ್ನುವ ಡಾಕ್ಟರ್ ಸಾವಿರಾರು ಜನರಿಗೆ ಮುಖ ಕಟ್ಟಿಕೊಟ್ಟ ಜಾಗ. ಆ ಊರಿನ ದಾರಿಯಲ್ಲಿ ಕೆಲವು ಬೆಂಚಿಗೆ ನೀಲಿ ಬಣ್ಣ ಬಳಿದಿದ್ದರಂತೆ. ಆ ಸೈನಿಕರು ಕೂರುವ ಬೆಂಚು, ಹೆದರುವವರು ಆ ಕಡೆ ನೋಡದಿರಲಿ ಅಂತ. ಇದನ್ನು ಓದಿದಾಗ ನನಗೆ ನಮ್ಮ ಅಂಗಡಿಯ ಕ್ಯಾಲೆಂಡರ್ ನೆನಪಾಯಿತು. ಅವತ್ತೇ ಅದನ್ನು ತೆಗೆದು ಒಳಗೆ ಹಾಕಿದೆ.

ಒಂದು ಮಧ್ಯಾಹ್ನ ಗುಳೇದಗುಡ್ಡ ಕಡೆಯ ಒಬ್ಬ ಅಜ್ಜಿ ಮೊಮ್ಮಗಳ ಉಡಿ ತುಂಬೋಕೆ ಖಣದ ಬ್ಲೌಸ್ ಹೊಲಿಸಲು ಬಂದಳು. ತಮ್ಮ ಗುಂಡಿ ವಿಂಗಡಿಸುತ್ತಾ ಕೂತಿದ್ದ. ಅಜ್ಜಿ ನೇರ ಅವನ ಮುಂದೆ ಹೋಗಿ ಕೂತು, ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, "ಏನಾತೋ ಯಪ್ಪಾ?" ಅಂದಳು. ತಮ್ಮ ಹೇಳಿದ. ಟ್ರಾಲಿ, ಮುದುಕನ ಟವೆಲ್, ತಂತಿ, ಅಂಬಲಿ, ಎಲ್ಲ. ಅಷ್ಟು ಉದ್ದಕ್ಕೆ ಅವನು ನನಗೂ ಹೇಳಿರಲಿಲ್ಲ. ಕೆಲವು ಮಾತು ನಾನು ಕೇಳಿದ್ದು ಅವತ್ತೇ. ಬಿದ್ದ ಕೂಡಲೇ ತನ್ನ ಬಾಯಲ್ಲಿ ಕಲ್ಲು ಬಂದಿದೆ ಅಂದುಕೊಂಡು ಉಗುಳಿದನಂತೆ. ಅವು ಹಲ್ಲು. ಅಜ್ಜಿ ಪೂರ್ತಿ ಕೇಳಿ, ಹಣೆಯ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸದೆ, ಪಕ್ಕದಲ್ಲಿ ಆಡಿಸಿ, "ಎಷ್ಟ್ ಸಣ್ಣ ಟಾಕಿ ಹಾಕ್ಯಾರಲ್ಲೋ, ಚಂದ ಕೂಡತೈತಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, ತೋಳಿನ ಅಂಚು ಸರಿಯಾಗಿ ಬರಬೇಕು ನೋಡು ಅಂದಳು.

ಸೇತುವೆ ಕತ್ತರಿಸುವ ಮೊದಲು ಒಂದು ವಿಚಿತ್ರ ಆಗುತ್ತಿತ್ತು. ಹೊಸ ಮೂಗಿನ ಮೇಲೆ ನೊಣ ಕೂತರೆ ಇವನು ಹಣೆ ಒರೆಸಿಕೊಳ್ಳುತ್ತಿದ್ದ. ಆ ಚರ್ಮದ ನರ ಇನ್ನೂ ಹಣೆಯ ಲೆಕ್ಕದಲ್ಲೇ ಸುದ್ದಿ ಕಳಿಸುತ್ತಿತ್ತು.

ಈಗ ಒಂದೂವರೆ ವರ್ಷ ಆಗುತ್ತಾ ಬಂತು. ಹಣೆಯ ನಡುವೆ ಉದ್ದ ಗೆರೆ ಇದೆ, ಬಿಸಿಲಿಗೆ ಕಪ್ಪಾಗಬಾರದು ಅಂತ ಕ್ರೀಮು, ಟೋಪಿ. ಎಡ ಹೊಳ್ಳೆ ಇನ್ನೂ ಸ್ವಲ್ಪ ದಪ್ಪ. ಬಾಯಿ ತೆರೆಯುವ ಅಭ್ಯಾಸಕ್ಕೆ ಐಸ್‌ಕ್ರೀಂ ಕಡ್ಡಿ ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ತೂರಿಸಬೇಕಿತ್ತು. 6 ಕಡ್ಡಿಯಿಂದ ಶುರು ಮಾಡಿದ. ವಾರಕ್ಕೆ ಒಂದೋ ಎರಡೋ ಜಾಸ್ತಿ. ಈಗ ಅವನ ಮೂರು ಬೆರಳು ಸಲೀಸಾಗಿ ಹೋಗುತ್ತವೆ. ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ತಿನ್ನುತ್ತಾನೆ.

ಹೋದ ಹಂಗಾಮಿನಲ್ಲಿ ಅವನೂ ಗೆಳೆಯರೂ ಸೇರಿ ಲೋಕಾಪುರದ ಹತ್ತಿರ ನಿಂತು ಟ್ರಾಲಿಗಳಿಗೆ ರೇಡಿಯಂ ಸ್ಟಿಕ್ಕರ್ ಹಚ್ಚಿದರು. ಹಿಂದಿನ ಎರಡು ಮೂಲೆಗೆ ಕೆಂಪು, ಬದಿಗೆ ಹಳದಿ. ಧೂಳಿದ್ದರೆ ಅದು ಹಿಡಿಯುವುದಿಲ್ಲ, ಮೊದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಅಂಗಡಿಯ ಚೂರು ಬಟ್ಟೆ ಚೀಲಗಟ್ಟಲೆ ಕೊಟ್ಟೆ. ಟ್ರ್ಯಾಕ್ಟರ್ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು, ಹಂಗಾಮು ಶುರುವಾಗುವ ಮೊದಲೇ ಹಚ್ಚಿಸಿ.

ಮುಂದಿನ ತಿಂಗಳು ಹೊಳ್ಳೆ ತೆಳುವು ಮಾಡುವ ಸಣ್ಣ ಆಪರೇಷನ್ ಇದೆ. ಆಮೇಲೆ ಹಲ್ಲು ಕಟ್ಟಿಸಬೇಕು. ಆ ವೈರ್ ಕಟರ್ ಇನ್ನೂ ನನ್ನ ಕತ್ತರಿಗಳ ಪಕ್ಕದ ಮೊಳೆಗೆ ತೂಗುತ್ತಿದೆ. "ಇನ್ನ ಯಾಕಕ್ಕಾ ಅದು, ತಗದ ಇಡು" ಅನ್ನುತ್ತಾನೆ ತಮ್ಮ. ಹಲ್ಲು ಕೂತ ಮೇಲೆ ತೆಗೀತೀನಿ ಅಂದಿದ್ದೇನೆ.